ಮಿಸ್ಸಿಂಗ್ ಆದರೆ ಪ್ಲಗ್ ನೋಡಿ, ಓಡುತ್ತಲೇ ಆಫ್ ಆದರೆ ಸೆಲ್ಫ್ ಹೊಡೆಯಬೇಡಿ

ಪುಣೆಯಲ್ಲಿ ನಮ್ಮ ಕನ್ನಡದವರ ಮನೆಗಳಲ್ಲಿ ಹಳೆಯ ಪೆಟ್ರೋಲ್ ಗಾಡಿಗಳು ಇನ್ನೂ ಬಹಳ ಇವೆ. ಸ್ಯಾಂಟ್ರೋ, ಆಲ್ಟೋ, ಆಮ್ನಿ, ಹಳೆ ವ್ಯಾಗನ್ ಆರ್. ವಾರವಿಡೀ ಹಡಪ್ಸರ್, ಚಿಂಚವಾಡದ ಟ್ರಾಫಿಕ್ಕಿನಲ್ಲಿ ಓಡುತ್ತವೆ. ಹಬ್ಬ ಬಂತೆಂದರೆ ಕಾತ್ರಜ್, ಖಂಬಾಟ್ಕಿ ಘಾಟ್ ದಾಟಿ ಬೆಳಗಾವಿ, ಹುಬ್ಬಳ್ಳಿಗೆ, ಇಲ್ಲವೇ ಸೋಲಾಪುರ ರಸ್ತೆ ಹಿಡಿದು ವಿಜಯಪುರ, ಕಲಬುರಗಿಗೆ ಹೋಗಿ ಬರುತ್ತವೆ. ಅರ್ಧಕ್ಕರ್ಧ ಗಾಡಿಗಳಿಗೆ ಸಿಎನ್‌ಜಿ ಕಿಟ್ ಬೇರೆ.

ಇಂಥ ಗಾಡಿ ಕೈಕೊಟ್ಟಾಗ ಜನ ಎರಡು ತೊಂದರೆಗಳನ್ನು ಒಂದರೊಳಗೊಂದು ಕಲಸಿಬಿಡುತ್ತಾರೆ. ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಹಾಳಾದರೆ ಗಾಡಿ ಮುಂಚಿತವಾಗಿಯೇ ಹೇಳುತ್ತದೆ. ಅದುರುತ್ತದೆ, ಜರ್ಕ್ ಹೊಡೆಯುತ್ತದೆ, ಎವರೇಜ್ ಬೀಳುತ್ತದೆ. ಟೈಮಿಂಗ್ ಬೆಲ್ಟ್ ಹಾಗಲ್ಲ. ಬಹಳ ಸಲ ಕಡಿಯುವ ಕ್ಷಣದವರೆಗೂ ಸುಮ್ಮನಿರುತ್ತದೆ. ಮೊದಲನೆಯದು ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಒಂದು ಸಲ ಅವಸರ ಮಾಡಿದರೆ ಎಂಜಿನ್‌ನ ಹೆಡ್, ಅಂದರೆ ವಾಲ್ವ್ ಇರುವ ಮೇಲ್ಭಾಗ, ಬಿಚ್ಚಬೇಕಾಗುತ್ತದೆ. ಹಾಗಾಗಿ ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಇದು ಯಾವುದರ ತೊಂದರೆ ಅಂತ ಗುರುತಿಸಬೇಕು.

ನಿಮ್ಮ ಗಾಡಿಯಲ್ಲಿ ಬೆಲ್ಟ್ ಇದೆಯಾ, ಚೈನ್ ಇದೆಯಾ?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಸ್ಯಾಂಟ್ರೋ ಝಿಂಗ್, ಮಾರುತಿ 800, ಆಲ್ಟೋ 800, ಆಮ್ನಿ, ಹಳೆ ಝೆನ್, ಎಸ್ಟೀಮ್, ಇವುಗಳಲ್ಲಿ ರಬ್ಬರ್ ಬೆಲ್ಟ್ ಇದೆ. ಐ10ರಲ್ಲಿ 1.1 ಎಂಜಿನ್ ಆದರೆ ಬೆಲ್ಟ್, 1.2 ಕಪ್ಪಾ ಆದರೆ ಚೈನ್. ಮಾರುತಿಯ ಕೆ ಸರಣಿಯ ಎಂಜಿನ್‌ಗಳಲ್ಲಿ, ಅಂದರೆ ಆಲ್ಟೋ ಕೆ10, 2010ರ ನಂತರದ ವ್ಯಾಗನ್ ಆರ್, ಸ್ವಿಫ್ಟ್ 1.2ರಲ್ಲಿ, ಚೈನ್ ಇದೆ. ಇನ್ನೋವಾ 2.5 ಡೀಸೆಲ್‌ನಲ್ಲಿ ಬೆಲ್ಟ್ ಇದೆ. ಆದರೆ ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಇಲ್ಲಿ ಹೇಳಿದ ಪ್ಲಗ್ ವಿಷಯ ಆ ಗಾಡಿಯವರಿಗೆ ಬೇಡ.

ಬೆಲ್ಟ್ ಮಾಡುವ ಕೆಲಸ ಇಷ್ಟು. ಪಿಸ್ಟನ್ ತಿರುಗಿಸುವ ಕೆಳಗಿನ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗಿದಾಗ ವಾಲ್ವ್ ತೆರೆಯುವ ಮೇಲಿನ ದಂಡ, ಅಂದರೆ ಕ್ಯಾಮ್, ಸರಿಯಾಗಿ ಒಂದು ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ದಾರಿ ಬಿಟ್ಟುಕೊಡಬೇಕು. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬೆಲ್ಟ್ ಕಡಿದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಈ ಎರಡರ ನಡುವೆ ಜಾಗ ಇರುತ್ತದೆ, ಪೆಟ್ಟು ಬೀಳುವುದಿಲ್ಲ. ನಿಮ್ಮ ಎಂಜಿನ್ ಅಂಥದ್ದು ಅಂತ ಕೈಪಿಡಿಯಲ್ಲಿ ಕಾಣುವ ತನಕ ಬಡಿಯುತ್ತದೆ ಅಂತಲೇ ಇಟ್ಟುಕೊಳ್ಳಿ.

ಬಾನೆಟ್ ಎತ್ತುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ನಿಮ್ಮ ಜೇಬಿನಲ್ಲಿರಲಿ, ಗಾಡಿಯಲ್ಲಿ ಬೇಡ. ರೇಡಿಯೇಟರ್ ಫ್ಯಾನ್ ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಾನೇ ತಿರುಗುತ್ತದೆ. ಅದರ ಹತ್ತಿರ ಕೈ ಹಾಕುವುದಾದರೆ ಬ್ಯಾಟರಿಯ ಮೈನಸ್ ತೆಗೆಯಿರಿ. ಪ್ಲಗ್‌ಗೆ ಹೋಗುವ ವಯರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಆ ವಯರ್ ಕೀಳುವ ಹಳೆ ಪದ್ಧತಿ ಬೇಡವೇ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಓಡುತ್ತಿರುವ ಎಂಜಿನ್‌ನಿಂದ ದೂರವಿರಲಿ.

ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಗಾಡಿ ಆನ್ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಪ್ರಾಣ ಹೋಗುವಷ್ಟು ಅಪಾಯ. ಗಾಡಿಯನ್ನು ಬಯಲಿಗೆ ತನ್ನಿ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಮೇಲಿನ ವಾಲ್ವ್ ಬಂದ್ ಮಾಡಿ ಕೆಲಸ ಶುರು ಮಾಡಿ. ಗ್ಯಾಸ್ ವಾಸನೆ ಬಂತೋ, ಅಲ್ಲಿಗೆ ನಿಲ್ಲಿಸಿ. ಸೆಲ್ಫ್ ಹೊಡೆಯಬೇಡಿ, ಬಾಗಿಲು ತೆರೆದಿಡಿ, ಕಿಟ್ ಹಾಕಿದವರನ್ನು ಕರೆಸಿ.

ನಿಂತಲ್ಲೇ ಅದುರುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತದೆ. ಸೈಲೆನ್ಸರ್ ಹತ್ತಿರ ಕೈ ಹಿಡಿದರೆ ಗಾಳಿ ಒಂದೇ ಸಮ ಬರುವುದಿಲ್ಲ, ನಡುನಡುವೆ ತಪ್ಪುತ್ತದೆ. ಇದರರ್ಥ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಅಥವಾ ಆಗಾಗ ತಪ್ಪುತ್ತಿದೆ. ಆಲ್ಟೋ, 800ರಲ್ಲಿ ಇರುವುದೇ ಮೂರು ಸಿಲಿಂಡರ್. ಒಂದು ಹೋದರೆ ಇಡೀ ಗಾಡಿ ಅಲುಗಾಡುತ್ತದೆ.

ಮೊದಲು ಕಣ್ಣಿನಿಂದ ನೋಡಿ, ಇದಕ್ಕೆ ಕಾಸಿಲ್ಲ. ಟಾರ್ಚ್ ಹಿಡಿದು ಪ್ಲಗ್ ವಯರ್‌ಗಳನ್ನು ಈ ತುದಿಯಿಂದ ಆ ತುದಿವರೆಗೆ ನೋಡಿ. ನಮ್ಮ ಪಾರ್ಕಿಂಗ್‌ಗಳಲ್ಲಿ ಇಲಿ ಕಾಟ ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ಹಲ್ಲಿನ ಗುರುತು, ಎಂಜಿನ್ ಮೇಲೆ ಹಿಕ್ಕೆ, ಕಡಿದ ಸಣ್ಣ ವಯರ್ ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆ. ವಯರ್ ಪ್ಲಗ್ ಮೇಲೆ ಗಟ್ಟಿಯಾಗಿ ಕೂತಿದೆಯಾ ಅಂತ ಒತ್ತಿ ನೋಡಿ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ತೂರದಿದ್ದರೆ ಹೊಸದು ಹಾಕಿ.

ಆಮೇಲೆ ಎಂಜಿನ್ ಚೆಕ್ ಲೈಟ್. ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆಗೆ ಬರಬಹುದು. ಮಿಣುಕುತ್ತಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿಹೋಗುತ್ತದೆ. ಆ ಖರ್ಚಿನ ಮುಂದೆ ಪ್ಲಗ್ ಏನೂ ಅಲ್ಲ. 2013ರ ಏಪ್ರಿಲ್ ನಂತರದ ಗಾಡಿಯಾದರೆ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲ್‌ನಲ್ಲಿ ಕೋಡ್ ಓದಬಹುದು. ಪಿ0301 ಅಂದರೆ ಒಂದನೇ ಸಿಲಿಂಡರ್ ತಪ್ಪುತ್ತಿದೆ, ಪಿ0302 ಅಂದರೆ ಎರಡನೆಯದು. ಪಿ0300 ಅಂದರೆ ಒಂದಲ್ಲ, ಬೇರೆ ಬೇರೆ ಸಿಲಿಂಡರ್ ತಪ್ಪುತ್ತಿವೆ. ಆಗ ಗಾಳಿ, ಪೆಟ್ರೋಲ್ ಕಡೆಯೂ ನೋಡಬೇಕಾಗುತ್ತದೆ.

ಯಾವ ಸಿಲಿಂಡರ್ ಅಂತ ಗೊತ್ತಾದರೆ ಹೊಸ ಸಾಮಾನು ತರುವ ಮೊದಲು ಅದಲು ಬದಲು ಮಾಡಿ ನೋಡಿ. ಎರಡನೇ ಸಿಲಿಂಡರಿನ ಪ್ಲಗ್ ಮೂರನೆಯದಕ್ಕೆ, ಮೂರನೆಯದು ಎರಡಕ್ಕೆ. ಮಿಸ್ಸಿಂಗ್ ಮೂರಕ್ಕೆ ಹೋಯಿತಾ? ಪ್ಲಗ್ಗೇ ಕಳ್ಳ. ಎರಡರಲ್ಲೇ ಉಳಿಯಿತಾ? ಪ್ರತಿ ಪ್ಲಗ್ ಮೇಲೂ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಇರುವ ಗಾಡಿಯಾದರೆ ಈಗ ಕಾಯಿಲ್ ಅದಲು ಬದಲು ಮಾಡಿ. ಹಳೆ ಗಾಡಿಯಲ್ಲಿ ವಯರ್ ಅಳೆಯಿರಿ. ಮಲ್ಟಿಮೀಟರ್‌ನಲ್ಲಿ ಕೆಲವು ಕಿಲೋ ಓಮ್ ತೋರಿಸಬೇಕು, ಉದ್ದದ ವಯರ್‌ಗೆ ಸ್ವಲ್ಪ ಜಾಸ್ತಿ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬೇರೆ ತೋರಿಸಿದರೆ, ಇಲ್ಲವೇ ಏನೂ ತೋರಿಸದಿದ್ದರೆ, ಆ ವಯರ್ ಹೋಗಿದೆ. ವಯರ್ ಸೆಟ್ ಪೂರ್ತಿ ಬದಲಿಸಿ, ಒಂದೇ ಒಂದನ್ನಲ್ಲ.

ಪ್ಲಗ್, ವಯರ್, ಕಾಯಿಲ್ ಎಲ್ಲ ಸರಿ ಇದ್ದೂ ಅದೇ ಸಿಲಿಂಡರ್ ತಪ್ಪಿದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಇಲ್ಲವೇ ಕಂಪ್ರೆಷನ್ (ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನೊಳಗೆ ಏರುವ ಒತ್ತಡ) ಕಡೆ ತಿರುಗಬೇಕು. ಗೇಜ್ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಹೋಗಿ, ‘ಕಂಪ್ರೆಷನ್ ಅಳೆದು ಕೊಡಿ’ ಅಂತ ಕೇಳಿ. ಸಿಲಿಂಡರ್‌ಗಳ ನಡುವೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಉಳಿದವಕ್ಕಿಂತ ಶೇಕಡಾ 15ಕ್ಕಿಂತ ಹೆಚ್ಚು ಕೆಳಗಿದ್ದರೆ ಅದು ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್‌ನ ವಿಷಯ.

ಬಿಚ್ಚಿದ ಪ್ಲಗ್ ಏನು ಹೇಳುತ್ತದೆ

ಪ್ಲಗ್‌ಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಸಾಲಾಗಿಡಿ. ಕೆಳಗೆ ಒಂದು, ಎರಡು, ಮೂರು ಅಂತ ಬರೆಯಿರಿ. ಯಾವುದು ಯಾವ ಸಿಲಿಂಡರಿನದು ಅಂತ ಮರೆತರೆ ಓದಿದ್ದೆಲ್ಲ ದಂಡ.

ತುದಿಯ ಬಿಳಿ ಪಿಂಗಾಣಿ ತಿಳಿ ಕಂದಾಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ, ಬೆರಳಿಗೆ ಹತ್ತಿ ಉಜ್ಜಿದರೆ ಹೋಗುವಂಥದ್ದು, ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಮೊದಲು ನೋಡಿ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲೂ ಹೀಗಾಗುತ್ತದೆ, ಪ್ಲಗ್‌ಗೆ ಬಿಸಿಯಾಗಲು ಸಮಯವೇ ಸಿಗುವುದಿಲ್ಲ. ಪೆಟ್ರೋಲ್‌ನಲ್ಲಿ ಒದ್ದೆಯಾಗಿದ್ದು ಮೂಗಿಗೆ ವಾಸನೆ ಹೊಡೆದರೆ ಆ ಸಿಲಿಂಡರ್‌ನಲ್ಲಿ ಕಿಡಿ ಬಂದಿಲ್ಲ. ಪಿಂಗಾಣಿ ಸುಣ್ಣದಷ್ಟು ಬಿಳಿಯಾಗಿ ಮೇಲೆ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿ ಬಿಸಿಯಾಗುತ್ತಿದೆ, ಅಥವಾ ಹಾಕಿದ ಪ್ಲಗ್ ಆ ಎಂಜಿನ್‌ಗೆ ಸೇರಿದ್ದಲ್ಲ. ಆಗ ಹೊಸ ಪ್ಲಗ್ ಹಾಕಿ ಕೈತೊಳೆದುಕೊಳ್ಳಬೇಡಿ, ಕೂಲಂಟ್ ನೋಡಿ.

ಎಣ್ಣೆಯ ವಿಷಯದಲ್ಲಿ ಜನ ಹೆದರುವುದು ಜಾಸ್ತಿ. ಎಣ್ಣೆ ಎಲ್ಲಿದೆ ಅಂತ ನೋಡಿ. ಪ್ಲಗ್‌ನ ಮೇಲ್ಭಾಗ, ಬಿಳಿ ಪಿಂಗಾಣಿಯ ಉದ್ದಕ್ಕೂ ಎಣ್ಣೆ ಇದ್ದು ಚೂಡಿ (ತಿರುಪಿನ ಎಳೆ) ಒಣಗಿದ್ದರೆ ಅದು ಮೇಲಿನ ವಾಲ್ವ್ ಕವರ್‌ನ ಸೀಲಿನಿಂದ ಇಳಿದದ್ದು. ಗ್ಯಾಸ್ಕೆಟ್ ಸೆಟ್ ಬದಲಿಸಿದರೆ ಮುಗಿಯಿತು. ಕೆಳಗಿನ ತುದಿಯೇ ಎಣ್ಣೆಯಲ್ಲಿ ಮಿಂದು ಕಪ್ಪಾಗಿದ್ದರೆ ಎಣ್ಣೆ ಸಿಲಿಂಡರ್ ಒಳಗಿಂದ ಬರುತ್ತಿದೆ. ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆಯಾ ಅಂತ ಗಮನಿಸಿ. ಇದು ಮನೆಯಲ್ಲಿ ಮುಗಿಯುವ ಕೆಲಸವಲ್ಲ.

ಪೆಟ್ರೋಲ್‌ನಲ್ಲಿ ಚೆನ್ನಾಗಿದೆ, ಸಿಎನ್‌ಜಿಗೆ ಹಾಕಿದರೆ ಜರ್ಕ್

ಪುಣೆ, ಮುಂಬೈ ಕಡೆ ಅತಿ ಹೆಚ್ಚು ಕೇಳುವ ದೂರು ಇದೇ. ಅತಿ ಹೆಚ್ಚು ದುಡ್ಡು ಸುಮ್ನೆ ಹೋಗುವುದೂ ಇಲ್ಲೇ.

ಸಿಲಿಂಡರಿನೊಳಗೆ ಸಿಎನ್‌ಜಿ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಹಳೆಯದಾದಂತೆ ಅದರ ತುದಿ ಸವೆದು ನಡುವಿನ ಗ್ಯಾಪ್ ದೊಡ್ಡದಾಗುತ್ತದೆ. ಗ್ಯಾಪ್ ದೊಡ್ಡದಾದರೆ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಅಷ್ಟು ಕೊಡಲಾರದು. ಪೆಟ್ರೋಲ್‌ನಲ್ಲಿ ಹೇಗೋ ನಡೆದುಹೋಗುವ ಮುದಿ ಪ್ಲಗ್ ಸಿಎನ್‌ಜಿಯಲ್ಲಿ ಸಿಕ್ಕಿಬೀಳುವುದು ಇದಕ್ಕೇ.

ನಮ್ಮ ಧನಕವಡಿ ಸೊಸೈಟಿಯಲ್ಲಿ ವಿಜಯಪುರ ಕಡೆಯ ಕಾಕಾ ಒಬ್ಬರಿದ್ದಾರೆ. ಅವರ ಸ್ಯಾಂಟ್ರೋ ಕಾತ್ರಜ್ ಏರಿನಲ್ಲಿ ಗ್ಯಾಸ್ ಮೇಲೆ ಜಗ್ಗುತ್ತಲೇ ಇರಲಿಲ್ಲ. “ಪೆಟ್ರೋಲ್ ಪಂಪ್ ಹೋಗ್ಯಾದ ಅಂತ ಗ್ಯಾರೇಜಿನವ್ರು ಹೇಳ್ಯಾರ ನೋಡಪಾ” ಅಂದರು. “ಕಾಕಾ, ಗಾಡಿ ಪೆಟ್ರೋಲ್ ಮ್ಯಾಲೆ ಛಲೋ ಓಡತೈತಿ ಅಂತೀರಿ, ಪಂಪ್ ಹ್ಯಾಂಗ್ ಹೋಗಿರತೈತಿ? ಮೊದಲ ಪ್ಲಗ್ ತಗದು ನೋಡೂಣ ತಡೀರಿ” ಅಂದೆ. ನಾಲ್ಕೂ ಪ್ಲಗ್‌ಗಳ ನಡುವಿನ ತುದಿ ಚಪ್ಪಟೆ ಇರುವ ಬದಲು ಗುಂಡಗೆ ಸವೆದಿತ್ತು. ಗ್ಯಾಪ್ ಅಳೆಯುವ ಫೀಲರ್ ಗೇಜಿನಲ್ಲಿ 1.1 ಮಿಲಿಮೀಟರಿನ ತಗಡು ಸಡಿಲವಾಗಿ ಓಡಾಡುತ್ತಿತ್ತು. ಹೊಸ ಪ್ಲಗ್ ಸೆಟ್ ಬಂತು, ಏರು ಹತ್ತಿತು. ಪಂಪ್ ಇದ್ದಲ್ಲೇ ಇದೆ.

ನೀವು ಮಾಡಬೇಕಾದ ಪರೀಕ್ಷೆ ಇದು. ಖಾಲಿ ಇರುವ ಒಂದು ಏರಿನಲ್ಲಿ, ಪೆಟ್ರೋಲ್ ಮೇಲೆ, ಒಂದು ಗೇರ್ ಮೇಲಿಟ್ಟುಕೊಂಡು ಎಕ್ಸಿಲರೇಟರ್ ಪೂರ್ತಿ ಒತ್ತಿ. ಪೆಟ್ರೋಲ್‌ನಲ್ಲೂ ಸಣ್ಣಗೆ ಜರ್ಕ್ ಬಂತಾ? ಹಾಗಾದರೆ ಕಿಡಿಯೇ ಬಲಹೀನವಾಗಿದೆ, ಪ್ಲಗ್ ಮತ್ತು ವಯರ್ ಬದಲಿಸಿ. ಪೆಟ್ರೋಲ್‌ನಲ್ಲಿ ಏನೂ ಇಲ್ಲದೆ ಗ್ಯಾಸಿನಲ್ಲಿ ಮಾತ್ರ ಬಂದರೆ ಆಗಲೂ ಮೊದಲು ಪ್ಲಗ್ ನೋಡಿ, ಯಾಕೆಂದರೆ ಅದೇ ಸೋವಿ. ಹೊಸ ಪ್ಲಗ್ ಹಾಕಿದ ಮೇಲೂ ಹೋಗದಿದ್ದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಗ್ಯಾಸ್ ಇಂಜೆಕ್ಟರ್. ಅವುಗಳನ್ನು ಮನೆಯಲ್ಲಿ ಬಿಚ್ಚಬೇಡಿ. ತುಂಬಿದ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ. ಅಧಿಕೃತ ಕಿಟ್ ಕೇಂದ್ರದಲ್ಲೇ ಆಗಬೇಕು. ಹೇಗೂ ಹೋಗುತ್ತೀರಲ್ಲ, ಮೂರು ವರ್ಷಕ್ಕೊಮ್ಮೆಯ ಸಿಲಿಂಡರ್ ಪರೀಕ್ಷೆಯ ತಾರೀಕೂ ನೋಡಿಕೊಳ್ಳಿ.

ಗ್ಯಾಪ್ ವಿಷಯ. ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ 0.8 ರಿಂದ 1.1 ಮಿಲಿಮೀಟರ್. ಸಿಎನ್‌ಜಿಗೆ ಸ್ವಲ್ಪ ಕಡಿಮೆ ಇಡುವುದು ರೂಢಿ. ನಿಮ್ಮ ಗಾಡಿಯ ಕೈಪಿಡಿ ಮತ್ತು ಕಿಟ್‌ನ ಕಾಗದದಲ್ಲಿ ಬರೆದಿರುವುದೇ ಕೊನೆಯ ಮಾತು. ಇರಿಡಿಯಂ ಪ್ಲಗ್ ಆದರೆ ಗ್ಯಾಪ್ ತಿದ್ದಲು ಹೋಗಬೇಡಿ, ಸೂಜಿಯಂಥ ತುದಿ ಮುರಿಯುತ್ತದೆ.

ಮಳೆಗಾಲದ ಬೆಳಗ್ಗೆ ಮಾತ್ರ ತೊಂದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಹಳೆ ವಯರ್‌ನ ಮೇಲಿನ ರಬ್ಬರ್ ಬಿರುಕು ಬಿಟ್ಟು, ತೇವದ ದಾರಿಯಲ್ಲಿ ಕಿಡಿ ಪ್ಲಗ್‌ಗೆ ಹೋಗದೆ ಎಂಜಿನ್ ಬಾಡಿಗೆ ಹಾರುತ್ತಿರುತ್ತದೆ. ರಾತ್ರಿ, ದೀಪ ಇಲ್ಲದ ಕಡೆ, ಬಾನೆಟ್ ಎತ್ತಿ ಎಂಜಿನ್ ಓಡಲು ಬಿಟ್ಟು ದೂರ ನಿಂತು ನೋಡಿ. ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ, ಚಟ ಚಟ ಸದ್ದೂ ಕೇಳುತ್ತದೆ. ಮುಟ್ಟಬೇಡಿ. ವಯರ್ ಸೆಟ್ ಬದಲಿಸಿ.

ಗಾಡಿ ನೀರು ನಿಂತ ರಸ್ತೆಯಲ್ಲಿ ಆಫ್ ಆಗಿದ್ದರೆ ಅದು ಬೇರೆಯೇ ಕಥೆ. ಸಿಲಿಂಡರ್ ಒಳಗೆ ನೀರು ಹೋಗಿರಬಹುದು. ಸೆಲ್ಫ್ ಹೊಡೆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎತ್ತಿಸಿಕೊಂಡು ಹೋಗಿ.

ಬೆಲ್ಟ್ ಕಡೆಯಿಂದ ಸದ್ದು

ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಎಸಿ ಹಾಕಿದಾಗ ಕೀಂಯ್ ಅಂತ ಕಿರುಚಿ ಸುಮ್ಮನಾಗುತ್ತದಾ? ಅದು ಟೈಮಿಂಗ್ ಬೆಲ್ಟ್ ಅಲ್ಲ. ಹೊರಗೆ ಕಾಣುವ ಫ್ಯಾನ್ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಟೈಮಿಂಗ್ ಬೆಲ್ಟ್‌ಗೆ ಹಲ್ಲುಗಳಿವೆ, ಅದು ಹಾಗೆ ಜಾರಿ ಕಿರುಚುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ‘ಟೈಮಿಂಗ್ ಬೆಲ್ಟ್ ಹೋಗಿದೆ ಸಾಬ್’ ಅನ್ನುವ ಮಾತಿಗೆ ಹೆದರಬೇಕಾಗಿಲ್ಲ.

ಎಂಜಿನ್‌ನ ಪಕ್ಕದ ಪ್ಲಾಸ್ಟಿಕ್ ಕವರ್ ಒಳಗಿಂದ ಒಂದೇ ಸಮ ಊಂ ಅನ್ನುವ ಸದ್ದು ಬಂದು, ಎಂಜಿನ್ ವೇಗದ ಜೊತೆ ಏರಿಳಿದರೆ ಕಾಳಜಿ ಮಾಡಿ. ಬೆಲ್ಟ್ ಬಿಗಿಯಾಗಿಡುವ ಟೆನ್ಷನರ್ ಗಾಲಿಯ ಅಥವಾ ಅದಕ್ಕೆ ದಾರಿ ತೋರುವ ಐಡ್ಲರ್ ಗಾಲಿಯ ಬೇರಿಂಗ್ ಒಣಗಿದೆ. ಬೇರಿಂಗ್ ಜಾಮ್ ಆದರೆ ಬೆಲ್ಟ್ ಎಷ್ಟೇ ಹೊಸದಾಗಿರಲಿ, ಹರಿಯುತ್ತದೆ ಅಥವಾ ಕಳಚಿಕೊಳ್ಳುತ್ತದೆ. ಇಂಥ ಸದ್ದಿರುವ ಗಾಡಿ ತೆಗೆದುಕೊಂಡು ಊರಿಗೆ ಹೊರಡಬೇಡಿ.

ಮೇಲಿನ ಕವರ್ ಸಾಮಾನ್ಯವಾಗಿ ಕೆಲವು 10 ನಂಬರ್ ಬೋಲ್ಟ್‌ಗಳಲ್ಲಿ ನಿಂತಿರುತ್ತದೆ. ಬಿಚ್ಚಿ ಟಾರ್ಚ್ ಹಾಕಿ. ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎಳೆ ಬಿಟ್ಟಿರುವುದು, ಹಾರಿಹೋದ ಹಲ್ಲು, ಎಣ್ಣೆ ಪಸೆ, ಇವುಗಳಲ್ಲಿ ಒಂದು ಕಂಡರೂ ಬೆಲ್ಟ್ ಬದಲಿಸಬೇಕು. ಎಣ್ಣೆ ಇದ್ದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲ್ ಸೋರುತ್ತಿದೆ. ಸೀಲ್ ಬದಲಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಏನೂ ಕಾಣಲಿಲ್ಲ ಅಂದರೆ ಬೆಲ್ಟ್ ಚೆನ್ನಾಗಿದೆ ಅಂತಲ್ಲ. ಒಳಗಿನ ನಾರು ಕಣ್ಣಿಗೆ ಕಾಣುವುದಿಲ್ಲ. ಕಿಲೋಮೀಟರ್ ಮತ್ತು ವರ್ಷ, ಯಾವುದು ಮೊದಲು ಮುಗಿಯುತ್ತದೋ ಆಗ ಬದಲಿಸಿ. ಗಾಡಿಯಿಂದ ಗಾಡಿಗೆ ಲೆಕ್ಕ ಬೇರೆ, ಬಹಳಷ್ಟಕ್ಕೆ 60 ಸಾವಿರದಿಂದ 1 ಲಕ್ಷ ಕಿಲೋಮೀಟರ್ ನಡುವೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಬೆಲ್ಟ್ ಯಾವಾಗ ಬದಲಾಯಿತು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಾಗಿಲ್ಲ ಅಂತಲೇ ತಿಳಿಯಿರಿ.

ಬೆಲ್ಟ್ ಕೆಲಸ ಆದ ಮೇಲೆ ಪಿಕಪ್ ಇಲ್ಲ

ಸ್ಟಾರ್ಟ್ ಆಗಲು ಹೊತ್ತು ಹಿಡಿಯುತ್ತದೆ. ಐಡಲಿಂಗ್ ಒರಟು. ಮೂರನೇ ಗೇರಿನಲ್ಲಿ ಹೋಗಬೇಕಾದ ಕಡೆ ಎರಡನೆಯದು ಬೇಕು. ಹೊಸ ಪ್ಲಗ್ ಹಾಕಿದರೂ ಹಾಗೇ. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಕ್ಯಾಮ್ ಗಾಲಿಗೆ 40 ಹಲ್ಲಿದ್ದರೆ ಒಂದು ಹಲ್ಲು ಅಂದರೆ ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಅಷ್ಟೇ ಸಾಕು ಎಂಜಿನ್‌ನ ಉಸಿರು ಕಟ್ಟಲು. ಸ್ಕ್ಯಾನರ್‌ನಲ್ಲಿ ಪಿ0016 ಬಂದರೆ ಅನುಮಾನ ಗಟ್ಟಿಯಾಗುತ್ತದೆ, ಕ್ಯಾಮ್ ಮತ್ತು ಕ್ರ್ಯಾಂಕ್ ತಾಳೆಯಾಗುತ್ತಿಲ್ಲ ಅಂತ ಅದರರ್ಥ. ಗಾಡಿ ಓಡಿಸಬೇಡಿ. ಒಂದು ಹಲ್ಲಿಗೆ ಬದುಕಿದ ವಾಲ್ವ್ ಇನ್ನೊಂದು ತಪ್ಪಿದರೆ ಬದುಕುವುದಿಲ್ಲ.

ಓಡುತ್ತಿದ್ದ ಗಾಡಿ ದಿಢೀರನೆ ಆಫ್

ಇದು ಓದುವಾಗ ನಿಧಾನಿಸಿ.

ಮೊದಲು ರಸ್ತೆಯ ಮೇಲೆ ಮಾಡಬೇಕಾದ್ದು. ಎಂಜಿನ್ ನಿಂತ ಕೂಡಲೇ ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಬ್ರೇಕಿನ ಬೂಸ್ಟರ್‌ನಲ್ಲಿ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಶಕ್ತಿ ಉಳಿದಿರುತ್ತದೆ. ಬ್ರೇಕ್ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಎಡಕ್ಕೆ ಬನ್ನಿ. ಹಜಾರ್ಡ್ ಲೈಟ್ ಹಾಕಿ. ಕಾತ್ರಜ್ ಹೊಸ ಸುರಂಗದಿಂದ ನವಲೆ ಪೂಲ್ ಕಡೆ ಇಳಿಯುವ ಇಳಿಜಾರಿನಂಥ ಕಡೆ ಆದರೆ ಎಲ್ಲರನ್ನೂ ಗಾಡಿಯಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033.

ಈಗ ಕೈ ತಾನಾಗಿಯೇ ಕೀ ಕಡೆ ಹೋಗುತ್ತದೆ. ಹೋಗಬಾರದು. ಸೆಲ್ಫ್ ಹೊಡೆಯಬೇಡಿ. ನಾಲ್ಕು ಜನ ಬಂದು ತಳ್ಳುತ್ತೇವೆ ಅಂದರೂ ಗೇರ್ ಹಾಕಿ ಸ್ಟಾರ್ಟ್ ಮಾಡಬೇಡಿ. ಬೆಲ್ಟ್ ಕಡಿದಿದ್ದರೆ ಪ್ರತಿ ಸುತ್ತಿಗೂ ಇನ್ನಷ್ಟು ವಾಲ್ವ್ ಬಾಗುತ್ತವೆ. ಒಂದೆರಡು ವಾಲ್ವ್‌ನಲ್ಲಿ ಮುಗಿಯುವ ಖರ್ಚು ಪಿಸ್ಟನ್‌ಗೂ ಹೋಗಬಹುದು.

ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಬಹುದು. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನದಿದ್ದರೆ ಪಂಪ್‌ನ ಫ್ಯೂಸ್, ರಿಲೇ ನೋಡಿ. ತೊಂದರೆ ಅಷ್ಟರಲ್ಲೇ ಇರಬಹುದು. ಪಂಪ್ ಸರಿ ಇದ್ದರೆ, ಸುರಕ್ಷಿತ ಜಾಗದಲ್ಲಿದ್ದರೆ, ಬೆಲ್ಟಿನ ಮೇಲಿನ ಕವರ್ ಬಿಚ್ಚಿ. ಬೆಲ್ಟ್ ಕಡಿದಿದ್ದರೆ ಅಥವಾ ಜೋತುಬಿದ್ದಿದ್ದರೆ ಉತ್ತರ ಸಿಕ್ಕಿತು, ಗಾಡಿ ನ್ಯೂಟ್ರಲ್‌ನಲ್ಲಿ ಗ್ಯಾರೇಜಿಗೆ ಹೋಗಬೇಕು. ಬೆಲ್ಟ್ ಇದ್ದು ಬಿಗಿಯಾಗಿದ್ದು ಹಲ್ಲುಗಳೆಲ್ಲ ಸರಿ ಇದ್ದರೆ ಮಾತ್ರ ಒಂದು ಕ್ಷಣ ಸೆಲ್ಫ್ ಹೊಡೆದು ಕೇಳಿ.

ಆ ಸದ್ದು ಬಹಳ ಹೇಳುತ್ತದೆ. ಆರೋಗ್ಯವಾದ ಎಂಜಿನ್‌ನಲ್ಲಿ ಸೆಲ್ಫ್ ತಡೆ ತಡೆದು ತಿರುಗುತ್ತದೆ, ಪ್ರತಿ ಸಿಲಿಂಡರಿನ ಕಂಪ್ರೆಷನ್‌ಗೂ ಒಂದು ಹೊರೆ ಬೀಳುತ್ತದೆ. ಬೆಲ್ಟ್ ಕಡಿದ ಎಂಜಿನ್‌ನಲ್ಲಿ ಆ ಲಯ ಇರುವುದಿಲ್ಲ. ಖಾಲಿ ಮಿಕ್ಸಿ ತಿರುಗಿದ ಹಾಗೆ ಹಗುರಾಗಿ, ಸರಾಗವಾಗಿ ತಿರುಗುತ್ತದೆ. ಗೊತ್ತಿಲ್ಲದೆ ಒಂದು ಸಲ ಸೆಲ್ಫ್ ಹೊಡೆದು ಈ ಸದ್ದು ಕೇಳಿದಿರಿ ಅಂದರೆ ಎರಡನೇ ಸಲ ಬೇಡ. ಲಯ ಸರಿಯಾಗಿದ್ದೂ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ (ಕ್ರ್ಯಾಂಕ್ ತಿರುಗುವುದನ್ನು ಎಂಜಿನ್ ಕಂಪ್ಯೂಟರಿಗೆ ತಿಳಿಸುವ ಭಾಗ) ಮೇಲೆ ಅನುಮಾನ ಪಡಿ. ಬಿಸಿಯಲ್ಲಿ ಕೈಕೊಟ್ಟು ತಂಪಿನಲ್ಲಿ ಸರಿಹೋಗುವುದು ಅದರ ಸ್ವಭಾವ. ಕೋಡ್ ಪಿ0335 ಬರುತ್ತದೆ.

ಪ್ಲಗ್ ಬದಲಿಸುವುದು

ಇದನ್ನು ಯಾರು ಬೇಕಾದರೂ ಕಲಿಯಬಹುದು. ಬೇಕಾದ್ದು ಪ್ಲಗ್ ಸಾಕೆಟ್, 16 ಅಥವಾ 21 ಮಿಲಿಮೀಟರಿನದು, ಒಂದು ಉದ್ದ ಎಕ್ಸ್‌ಟೆನ್ಷನ್, ಫೀಲರ್ ಗೇಜ್. ನಾನಾ ಪೇಠ್‌ನಲ್ಲಿ ಸ್ಪೇರ್ ಪಾರ್ಟ್ ಅಂಗಡಿಗಳ ಸಾಲೇ ಇದೆ. ಗಾಡಿಯ ಹೆಸರಷ್ಟೇ ಅಲ್ಲ, ಚಾಸಿ ನಂಬರ್ ಹೇಳಿ ತಗೊಳ್ಳಿ, ಬಿಲ್ ಕೇಳಿ. ನಕಲಿ ಪ್ಲಗ್, ನಕಲಿ ಬೆಲ್ಟ್ ಎರಡೂ ಓಡಾಡುತ್ತವೆ.

ವಯರ್ ಕೀಳುವಾಗ ಬುಡದ ರಬ್ಬರ್ ಹಿಡಿದು ತಿರುಚಿ ಎಳೆಯಿರಿ. ಪ್ಲಗ್ ಬಿಚ್ಚುವ ಮುಂಚೆ ಸೈಕಲ್ ಪಂಪ್‌ನಿಂದ ಗುಂಡಿಯೊಳಗಿನ ಧೂಳು ಊದಿ, ಇಲ್ಲದಿದ್ದರೆ ಅದು ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಒಂದೊಂದಾಗಿ ಮಾಡಿ, ವಯರ್ ಅದಲು ಬದಲಾಗುವುದಿಲ್ಲ. ಹೊಸ ಪ್ಲಗ್‌ನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದಲೇ ಚೂಡಿ ಹಿಡಿಸಿ. ಚೂಡಿ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಹೆಡ್ ಅಲ್ಯುಮಿನಿಯಂ, ಪ್ಲಗ್ ಉಕ್ಕು. ಜಗಳದಲ್ಲಿ ಸೋಲುವುದು ಹೆಡ್. ಕೈಯಿಂದ ಪೂರ್ತಿ ಕೂತ ಮೇಲೆ, ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧ ಸುತ್ತಿನಿಂದ ಮೂರರಲ್ಲಿ ಎರಡು ಭಾಗ ಸುತ್ತಿನವರೆಗೆ, ಅಷ್ಟೇ. ಕೆಳಗೆ ಬಿದ್ದ ಪ್ಲಗ್ ಹಾಕಬೇಡಿ, ಪಿಂಗಾಣಿಯ ಬಿರುಕು ಕಾಣುವುದಿಲ್ಲ. ತೆಗೆಯುವಾಗ ಪ್ಲಗ್ ಜಗ್ಗುತ್ತಿಲ್ಲ, ಕಿರ್ ಅನ್ನುತ್ತಿದೆ ಅಂದರೆ ಬಲ ಹಾಕಬೇಡಿ, ಅಲ್ಲೇ ಬಿಟ್ಟು ಅನುಭವ ಇದ್ದವರ ಕೈಗೆ ಕೊಡಿ.

ಬೆಲ್ಟ್ ಮನೆಯಲ್ಲೇ ಬದಲಿಸಬಹುದಾ?

ನಿಮ್ಮದೇ ಎಂಜಿನ್‌ನ ಸರ್ವಿಸ್ ಕೈಪಿಡಿ, ಟಾರ್ಕ್ ರೆಂಚ್, ಸಮತಟ್ಟಾದ ನೆಲ, ಜ್ಯಾಕ್ ಸ್ಟ್ಯಾಂಡ್, ಆತುರವಿಲ್ಲದ ಎರಡು ದಿನ, ಇಷ್ಟೂ ಇದ್ದರೆ ಆಗುತ್ತದೆ. ಒಂದು ಕಡಿಮೆಯಾದರೂ ನಾನು ಬೇಡ ಅನ್ನುತ್ತೇನೆ. ಒಳ್ಳೆ ಸಾಮಾನು ನೀವೇ ತಂದುಕೊಟ್ಟು ಮಿಸ್ತ್ರಿಯ ಪಕ್ಕ ನಿಂತು ಮಾಡಿಸಿಕೊಳ್ಳಿ. ಬರೀ ಬೆಲ್ಟ್ ಅಲ್ಲ, ಟೆನ್ಷನರ್, ಐಡ್ಲರ್, ಸೀಲ್‌ಗಳು, ಮತ್ತು ವಾಟರ್ ಪಂಪ್ ಇದೇ ಬೆಲ್ಟ್‌ನಲ್ಲಿ ತಿರುಗುವುದಾದರೆ ಅದೂ.

ಮಾಡುವವರಿಗೆ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈಯೂ ಹಾಕಬೇಡಿ. ಆ ಕಡೆಯ ಎಂಜಿನ್ ಮೌಂಟ್ ಬಿಚ್ಚಬೇಕಾದರೆ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಕೆಳಗೆ ಮರದ ತುಂಡಿಟ್ಟು ಎಂಜಿನ್‌ಗೆ ಆಸರೆ ಕೊಡಿ. ಕ್ರ್ಯಾಂಕ್ ಬೋಲ್ಟ್ ಸಡಿಲ ಮಾಡಲು ಪಾನಾ ಸಿಕ್ಕಿಸಿ ಸೆಲ್ಫ್ ಹೊಡೆಯುವವರಿದ್ದಾರೆ, ಪಾನಾ ಹಾರಿ ಕೈ ಮುರಿಯುತ್ತದೆ. ಬ್ಯಾಟರಿ ಕಳಚಿಯೇ ಇರಲಿ. ಪ್ಲಗ್‌ಗಳನ್ನು ತೆಗೆದಿಡಿ, ಎಂಜಿನ್ ಕೈಯಲ್ಲಿ ಹಗುರಾಗಿ ತಿರುಗುತ್ತದೆ.

ಹಳೆ ಬೆಲ್ಟ್ ಬಿಚ್ಚುವ ಮೊದಲೇ ಒಂದನೇ ಪಿಸ್ಟನ್ ಮೇಲೆ ತಂದು ಕ್ಯಾಮ್ ಮತ್ತು ಕ್ರ್ಯಾಂಕ್ ಎರಡರ ಗುರುತೂ ಎಂಜಿನ್ ಮೇಲಿನ ಗುರುತಿಗೆ ತಾಳೆ ಮಾಡಿ, ಫೋಟೋ ತೆಗೆದುಕೊಳ್ಳಿ. ಕ್ರ್ಯಾಂಕ್ ಗುರುತು ಪ್ರತಿ ಸುತ್ತಿಗೂ ಕೂಡುತ್ತದೆ, ಕ್ಯಾಮ್ ಗುರುತು ಎರಡು ಸುತ್ತಿಗೊಮ್ಮೆ. ಕ್ಯಾಮ್ ಗುರುತು ಎದುರು ದಿಕ್ಕಿನಲ್ಲಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಬಹಳಷ್ಟು ಎಂಜಿನ್ ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತವೆ. 2003ಕ್ಕೆ ಮೊದಲಿನ ಹೋಂಡಾ ಸಿಟಿ ಉಲ್ಟಾ. ಬೆಲ್ಟ್ ಇಲ್ಲದಿರುವಾಗ ಕ್ಯಾಮ್, ಕ್ರ್ಯಾಂಕ್ ಯಾವುದನ್ನೂ ತಿರುಗಿಸಬೇಡಿ. ಹೊಸ ಬೆಲ್ಟ್ ಮಡಚಬೇಡಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹಾಕಿ. ಎಳೆಯುವ ಕಡೆ ಸಡಿಲ ಇರಬಾರದು, ಇರುವ ಸಡಿಲವೆಲ್ಲ ಟೆನ್ಷನರ್ ಕಡೆ ಬರಬೇಕು.

ಟೆನ್ಷನರ್ ಕೂರಿಸಿದ ಮೇಲೆ ಕ್ರ್ಯಾಂಕ್‌ಗೆ ಪಾನಾ ಹಾಕಿ ಕೈಯಿಂದ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅದು ಪಿಸ್ಟನ್‌ಗೆ ವಾಲ್ವ್ ತಾಗಿರುವುದು. ಬಲ ಹಾಕಬೇಡಿ, ಹಿಂದಕ್ಕೆ ತನ್ನಿ, ಬೆಲ್ಟ್ ಬಿಚ್ಚಿ ಮತ್ತೆ ಹಾಕಿ. ಎರಡು ಸುತ್ತು ಮುಗಿದಾಗ ಎರಡೂ ಗುರುತು ಕೂದಲೆಳೆ ವ್ಯತ್ಯಾಸವಿಲ್ಲದೆ ಕೂಡಬೇಕು. ‘ಹತ್ತಿರ ಹತ್ತಿರ ಇದೆ’ ಅಂದರೆ ಒಂದು ಹಲ್ಲು ತಪ್ಪಿದೆ. ಗುರುತು ಕೂಡಿದ ಮೇಲೆ ಟೆನ್ಷನ್ ಇನ್ನೊಮ್ಮೆ ನೋಡಿ, ಬೋಲ್ಟ್‌ಗಳನ್ನು ಕೈಪಿಡಿಯ ಟಾರ್ಕ್‌ಗೆ ಬಿಗಿ ಮಾಡಿ, ಆಮೇಲೆ ಕವರ್, ಪ್ಲಗ್, ಬ್ಯಾಟರಿ.

ಮೊದಲ ಸ್ಟಾರ್ಟ್ ಆದಾಗ ಬಾನೆಟ್ ತೆರೆದಿಟ್ಟು ಐದು ನಿಮಿಷ ಕೇಳಿ. ಊಂ ಅನ್ನುವ ಸದ್ದು ಬಂದರೆ ಬೆಲ್ಟ್ ಅತಿ ಬಿಗಿಯಾಗಿದೆ. ಕವರ್‌ಗೆ ಪಟ ಪಟ ತಾಗಿದರೆ ಸಡಿಲ. ಎರಡರಲ್ಲಿ ಯಾವುದು ಬಂದರೂ ಆಫ್ ಮಾಡಿ ಟೆನ್ಷನರ್ ಮತ್ತೆ ಹೊಂದಿಸಿ, ಗೇಟ್ ದಾಟಿಸಬೇಡಿ. ಸದ್ದಿಲ್ಲದಿದ್ದರೆ ತಾರೀಕು, ಕಿಲೋಮೀಟರ್ ಬರೆದ ಚೀಟಿಯನ್ನು ಕವರ್ ಮೇಲೆ ಅಂಟಿಸಿ.